ಹಾಡು ಗ್ರಿಡ್ ಹಿಂದೆ ಹೋಗ್ಬೇಕಾ, ಗ್ರಿಡ್ ಹಾಡಿನ ಹಿಂದೆ ಬರ್ಬೇಕಾ? ಟೆಂಪೋ ಎಡಿಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಟೆಂಪೋ, ಅಂದ್ರೆ ಹಾಡಿನ ವೇಗದ ಬಗ್ಗೆ ಕೇಳಿರೋದನ್ನ ಮಾತ್ರ ಆರಿಸ್ಕೊಂಡಿದೀನಿ. ಗ್ರಿಡ್ ಅಂದ್ರೆ ಸಾಫ್ಟ್‌ವೇರ್ ಪರದೆ ಮೇಲೆ ಬೀಟ್ ಎಲ್ಲೆಲ್ಲಿ ಬರ್ಬೇಕು ಅಂತ ತೋರಿಸೋ ಗೆರೆಗಳು. ರೀಪರ್, ಕ್ಯೂಬೇಸ್, ಪ್ರೊ ಟೂಲ್ಸ್ ಅಂತ ಹಾಡು ರೆಕಾರ್ಡ್ ಮಾಡೋ ಒಂದೊಂದು ಸಾಫ್ಟ್‌ವೇರ್‌ನಲ್ಲೂ ಬಟನ್ನಿನ ಹೆಸರು ಬೇರೆ ಬೇರೆ ಇರತ್ತೆ, ಆದ್ರೆ ಒಳಗೆ ನಡೆಯೋ ಕೆಲಸ ಹೆಚ್ಚು ಕಮ್ಮಿ ಒಂದೇ. ಅದಕ್ಕೇ ಮೊದಲು ಕೆಲಸ ಏನು ಅಂತ ಹೇಳಿ, ಆಮೇಲೆ ಬಟನ್ ಎಲ್ಲಿದೆ ಅಂತ ಹೇಳ್ತೀನಿ.

ಪ್ರಶ್ನೆ: ಮೇಡಂ, ಗಿಟಾರ್ ನುಡಿಸ್ಕೊಂಡು ಹಾಡಿದ ಒಂದು ಹಾಡು ರೆಕಾರ್ಡ್ ಮಾಡಿದೀನಿ, ಕ್ಲಿಕ್ (ತಾಳ ತೋರಿಸೋ ಟಿಕ್ ಟಿಕ್ ಸದ್ದು) ಹಾಕಿರ್ಲಿಲ್ಲ. ತುಂಬಾ ಚೆನ್ನಾಗಿ ಬಂದಿದೆ, ಇನ್ನೊಂದ್ಸಲ ಹಾಡಿದ್ರೆ ಹಾಗೆ ಬರಲ್ಲ. ಈಗ ಡ್ರಮ್ಸು, ಬೇಸು ಸೇರಿಸೋಣ ಅಂತ ಕೂತ್ರೆ ನಾಲ್ಕು ಬಾರ್ (ತಾಳದ ಆವರ್ತ) ಆಗೋಷ್ಟರಲ್ಲಿ ತಾಳ ತಪ್ಪೋಗತ್ತೆ. ಆಡಿಯೋನ ಕ್ವಾಂಟೈಸ್ ಮಾಡಿ ನೋಡ್ದೆ, ಹಾಡಿನ ಜೀವಾನೇ ಹೋಗ್ಬಿಡ್ತು. ಏನ್ಮಾಡ್ಲಿ?

ಉತ್ತರ: ಮೊದಲು ಆ ಕ್ವಾಂಟೈಸ್ ಅನ್‌ಡೂ ಮಾಡಿ. ಒರಿಜಿನಲ್ ಟೇಕ್‌ನ ಒಂದು ಕಾಪಿ ಬೇರೆ ಫೋಲ್ಡರ್‌ನಲ್ಲಿ ಇಟ್ಬಿಡಿ, ಉಳಿದಿದ್ದು ಆಮೇಲೆ.

ನೋಡಿ, ಟೆಂಪೋ ಎಡಿಟಿಂಗ್ ಅಂತ ಒಂದೇ ಹೆಸರಲ್ಲಿ ಕರೆದ್ರೂ ಇಲ್ಲಿ ಎರಡು ಪೂರ್ತಿ ಬೇರೆ ಕೆಲಸಗಳಿವೆ. ಒಂದು, ಆಡಿಯೋನ ಎಳೆದು ಹಿಗ್ಗಿಸಿ ಗ್ರಿಡ್‌ಗೆ ಕೂರಿಸೋದು. ಇನ್ನೊಂದು, ಆಡಿಯೋನ ಮುಟ್ಟದೇನೇ ಗ್ರಿಡ್ಡನ್ನ ಬಗ್ಗಿಸಿ ಆಡಿಯೋಗೆ ಹೊಂದಿಸೋದು. ನೀವು ಮಾಡಿದ್ದು ಮೊದಲನೇದು, ನಿಮಗೆ ಬೇಕಾಗಿರೋದು ಎರಡನೇದು. ಇದಕ್ಕೆ ಟೆಂಪೋ ಮ್ಯಾಪ್ ಮಾಡೋದು ಅಂತಾರೆ. ಹಾಡು ಯಾವ ಬಾರ್‌ನಲ್ಲಿ ಎಷ್ಟು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಇತ್ತು ಅಂತ ಸಾಫ್ಟ್‌ವೇರ್‌ಗೆ ತಿಳಿಸ್ತಾ ಹೋಗ್ತೀರ, ಆಗ ನೀವು ಆಮೇಲೆ ಹಾಕೋ ಡ್ರಮ್ಸ್ ಆ ಏರಿಳಿತದ ಜೊತೆಗೇ ಹೋಗತ್ತೆ. ಚರಣದಲ್ಲಿ 92 ಇದ್ದಿದ್ದು ಪಲ್ಲವಿಗೆ ಬಂದಾಗ 96 ಆಗಿದ್ರೆ ಅದು ತಪ್ಪಲ್ಲ, ಹಾಡೋರು ಅಲ್ಲಿ ಉಸಿರು ತುಂಬಿ ಹಾಡಿದಾರೆ ಅಂತ ಅರ್ಥ. ಅದನ್ನ ಸಮ ಮಾಡ್ಬಿಟ್ರೆ ನೀವೇ ಹೇಳಿದ ಹಾಗೆ ಜೀವ ಹೋಗತ್ತೆ.

ಕೈಯಲ್ಲಿ ಮಾಡೋ ಲೆಕ್ಕ ತುಂಬಾ ಸುಲಭ. 4/4, ಅಂದ್ರೆ ಬಾರ್‌ಗೆ ನಾಲ್ಕು ಬೀಟ್ ಇರೋ ಹಾಡಲ್ಲಿ ಒಂದು ಬಾರ್‌ಗೆ ಎಷ್ಟು ಸೆಕೆಂಡ್ ಹಿಡಿಯತ್ತೆ ಅಂತ ನೋಡಿ, 240ನ್ನ ಅದ್ರಿಂದ ಭಾಗಿಸಿ. ಒಂದು ಬಾರ್ 2.5 ಸೆಕೆಂಡ್ ಇದ್ರೆ 96 ಬಿಪಿಎಂ, 2.6 ಸೆಕೆಂಡ್ ಇದ್ರೆ 92.3. ಸಾಫ್ಟ್‌ವೇರ್ ಒಳಗೆ ನಡೆಯೋದೂ ಇದೇ ಲೆಕ್ಕ, ನೀವು ಬರೀ ಬಾರ್ ಶುರುವಾಗೋ ಜಾಗ ತೋರಿಸಿದ್ರೆ ಸಾಕು.

ಶುರು ಮಾಡೋಕೆ ಮುಂಚೆ ಒಂದು ವಿಷಯ ನೋಡ್ಕೊಳ್ಳಲೇಬೇಕು, ಎಲ್ರೂ ಎಡವೋದು ಇಲ್ಲೇ. ಆಡಿಯೋ ಟ್ರ್ಯಾಕು ಸಮಯಕ್ಕೆ ಅಂಟ್ಕೊಂಡಿದ್ಯಾ, ಬೀಟ್‌ಗೆ ಅಂಟ್ಕೊಂಡಿದ್ಯಾ? ಬೀಟ್‌ಗೆ ಅಂಟ್ಕೊಂಡಿದ್ರೆ ನೀವು ಟೆಂಪೋ ಬದಲಾಯಿಸಿದ ಕೂಡ್ಲೇ ಆಡಿಯೋನೂ ಜಾಗ ಬಿಟ್ಟು ಓಡತ್ತೆ, ನೀವು ಅದರ ಹಿಂದೆ ಓಡ್ತಾ ಇರ್ತೀರ, ಯಾವತ್ತೂ ಮುಗಿಯಲ್ಲ. ರೀಪರ್‌ನಲ್ಲಿ ಟ್ರ್ಯಾಕಿನ ಟೈಮ್‌ಬೇಸ್‌ನ ಟೈಮ್ ಅಂತ ಇಡಿ. ಕ್ಯೂಬೇಸ್‌ನಲ್ಲಿ ಟ್ರ್ಯಾಕನ್ನ ಲೀನಿಯರ್ ಮಾಡಿ. ಪ್ರೊ ಟೂಲ್ಸ್‌ನಲ್ಲಿ ಟಿಕ್ಸ್ ಬದಲು ಸ್ಯಾಂಪಲ್ಸ್ ಇರ್ಲಿ.

ಆಮೇಲೆ ಮೊದಲನೇ ಬಾರ್‌ನ ಮೊದಲನೇ ಬೀಟ್ ಎಲ್ಲಿದೆ ಅಂತ ಕಿವಿಯಲ್ಲಿ ಹುಡುಕಿ, ಆ ಜಾಗನ ಒಂದು ಬಾರ್‌ಲೈನ್ ಮೇಲೆ ಕೂರಿಸಿ. ಅಲ್ಲಿಂದ ಮುಂದಕ್ಕೆ ಒಂದೊಂದೇ ಬಾರ್. ಕ್ಯೂಬೇಸ್‌ನಲ್ಲಿ ಟೈಮ್ ವಾರ್ಪ್ ಅಂತ ಒಂದು ಟೂಲ್ ಇದೆ, ಬಾರ್‌ಲೈನನ್ನೇ ಹಿಡ್ಕೊಂಡು ವೇವ್‌ಫಾರ್ಮ್‌ನ ಏಟಿನ ಮೇಲೆ ಎಳೆದು ಬಿಟ್ರೆ ಟೆಂಪೋ ತಾನಾಗೇ ಬರ್ಕೊಳ್ಳತ್ತೆ, ಈ ಕೆಲಸಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ಟೂಲ್ ಅದು. ರೀಪರ್‌ನಲ್ಲಿ ಒಂದು ಬಾರ್‌ನಷ್ಟು ಸೆಲೆಕ್ಟ್ ಮಾಡಿ ಅದ್ರಿಂದ ಮೆಷರ್ ಮಾಡೋ ಆಕ್ಷನ್ ಇದೆ. ಪ್ರೊ ಟೂಲ್ಸ್‌ನಲ್ಲಿ ಐಡೆಂಟಿಫೈ ಬೀಟ್. ಏಬಲ್ಟನ್ ಲೈವ್‌ನಲ್ಲಿ ಕ್ಲಿಪ್‌ಗೆ ವಾರ್ಪ್ ಮಾರ್ಕರ್ ಹಾಕಿ ಆ ಕ್ಲಿಪ್ಪನ್ನ ಟೆಂಪೋ ಲೀಡರ್ ಮಾಡಿದ್ರೆ ಇಡೀ ಪ್ರಾಜೆಕ್ಟ್ ಅದರ ಹಿಂದೆ ಹೋಗತ್ತೆ. ಲಾಜಿಕ್ ಪ್ರೊದಲ್ಲಿ 2018ರಲ್ಲಿ ಬಂದ 10.4 ವರ್ಷನ್‌ನಿಂದ ಸ್ಮಾರ್ಟ್ ಟೆಂಪೋ ಇದೆ, ರೆಕಾರ್ಡ್ ಮಾಡೋಕೆ ಮುಂಚೆನೇ ಅಡಾಪ್ಟ್ ಅಂತ ಇಟ್ಟಿದ್ರೆ ಹಾಡು ಮುಗಿಯೋಷ್ಟರಲ್ಲಿ ಮ್ಯಾಪ್ ರೆಡಿ ಇರತ್ತೆ, ಈಗಾಗ್ಲೇ ರೆಕಾರ್ಡ್ ಆಗಿದ್ರೂ ಸ್ಮಾರ್ಟ್ ಟೆಂಪೋ ಎಡಿಟರ್‌ನಲ್ಲಿ ಅನಲೈಸ್ ಮಾಡಿಸಿ ರೀಜನ್‌ನ ಟೆಂಪೋನ ಪ್ರಾಜೆಕ್ಟ್‌ಗೆ ಅಪ್ಲೈ ಮಾಡ್ಬಹುದು.

ಆಟೋಮ್ಯಾಟಿಕ್ ಡಿಟೆಕ್ಷನ್ ಇದ್ಯಲ್ಲ, ಅದನ್ನೇ ಒತ್ತಿ ಬಿಟ್ರೆ ಆಗಲ್ವಾ ಅಂತ ನೀವು ಕೇಳ್ಬಹುದು. ಒತ್ತಿ, ತೊಂದ್ರೆ ಇಲ್ಲ, ಆದ್ರೆ ನಂಬ್ಬೇಡಿ. ಡಿಟೆಕ್ಷನ್ ನೋಡೋದು ಸದ್ದು ಎಲ್ಲಿ ಜೋರಾಗಿ ಶುರುವಾಗತ್ತೆ ಅನ್ನೋದನ್ನ, ಸಂಗೀತವನ್ನಲ್ಲ. 70 ಬಿಪಿಎಂ ಹಾಡನ್ನ 140 ಅನ್ನೋದು, 140 ಇದ್ದಿದ್ದನ್ನ 70 ಅನ್ನೋದು ತುಂಬಾ ಸಾಮಾನ್ಯ, ಅದಕ್ಕೆ ಎರಡರಿಂದ ಗುಣಿಸೋ ಭಾಗಿಸೋ ಬಟನ್ನು ಪಕ್ಕದಲ್ಲೇ ಇರತ್ತೆ. ಇನ್ನೂ ಕಷ್ಟದ್ದು ಅಂದ್ರೆ ಆಫ್‌ಬೀಟ್ ಸ್ಟ್ರಮ್ (ಎರಡು ಬೀಟ್ ನಡುವೆ ಬೀಳೋ ಗಿಟಾರ್ ಏಟು) ಜೋರಾಗಿದ್ದಾಗ ಅದನ್ನೇ ಒಂದನೇ ಬೀಟ್ ಅಂದ್ಕೊಳ್ಳೋದು, ಆಗ ಇಡೀ ಮ್ಯಾಪ್ ಅರ್ಧ ಬೀಟ್ ಪಕ್ಕಕ್ಕೆ ಸರಿದಿರತ್ತೆ, ಕ್ಲಿಕ್ ಹಾಕಿ ಕೇಳೋವರ್ಗೂ ಗೊತ್ತಾಗಲ್ಲ.

ಇನ್ನೊಂದು, ಪ್ರತಿ ಬೀಟ್‌ಗೂ ಮಾರ್ಕರ್ ಹಾಕೋಕೆ ಹೋಗ್ಬೇಡಿ. ಮನುಷ್ಯರು ನುಡಿಸಿದ ಒಂದೊಂದು ಬೀಟ್ ಹತ್ತಿಪ್ಪತ್ತು ಮಿಲಿಸೆಕೆಂಡ್ ಹಿಂದೆ ಮುಂದೆ ಇದ್ದೇ ಇರತ್ತೆ. ಅದನ್ನೆಲ್ಲ ಮ್ಯಾಪ್‌ಗೆ ತಂದ್ರೆ ಟೆಂಪೋ 88, 101, 93, 99 ಅಂತ ಕುಣಿಯತ್ತೆ, ಮೇಲೆ ಹಾಕಿದ ಡ್ರಮ್ಸ್ ಕುಂಟತ್ತೆ. ಬಾರ್‌ಗೆ ಒಂದು ಮಾರ್ಕರ್ ಹಾಕಿ, ಕೇಳಿ, ಎರಡು ಬಾರ್‌ಗೆ ಒಂದು ಸಾಕು ಅನ್ಸಿದ್ರೆ ಮಧ್ಯದ್ದನ್ನ ತೆಗೀರಿ. ಕಮ್ಮಿ ಮಾರ್ಕರ್ ಇದ್ದಷ್ಟೂ ಡ್ರಮ್ಸ್ ಸಹಜವಾಗಿ ಕೇಳ್ಸತ್ತೆ, ಹಾಡು ಕೈ ತಪ್ಪದ ಹಾಗೆ ಎಷ್ಟು ಕಮ್ಮಿ ಮಾಡ್ಬಹುದೋ ಅಷ್ಟು ಮಾಡಿ. ಇಡೀ ಹಾಡಿಗೆ ಒಂದು ಗಂಟೆ ಹಿಡಿಯಬಹುದು, ಆ ಟೇಕ್ ಉಳಿಯತ್ತಲ್ಲ, ಅದಕ್ಕೆ ಒಂದು ಗಂಟೆ ಕೊಡೋದು ದೊಡ್ಡದಲ್ಲ.

ಪ್ರಶ್ನೆ: 100 ಬಿಪಿಎಂನಲ್ಲಿ ಮಾಡಿದ ಹಾಡು ಸ್ವಲ್ಪ ನಿಧಾನ ಅನ್ಸ್ತು ಅಂತ 110 ಮಾಡ್ದೆ. ಸಿಂಥ್, ಡ್ರಮ್ಸ್ ಎಲ್ಲಾ ಸೂಪರ್ ಆಗಿದೆ, ಆದ್ರೆ ಹಾಡಿದ ಧ್ವನಿ ಮಾತ್ರ ನೀರಿನೊಳಗಿಂದ ಬಂದ ಹಾಗೆ ಕೇಳ್ತಿದೆ. ಇದಕ್ಕೆ ಪ್ಲಗಿನ್ ಏನಾದ್ರೂ ಇದ್ಯಾ?

ಉತ್ತರ: ಪ್ಲಗಿನ್ ಹುಡುಕೋಕೆ ಮುಂಚೆ ಏನಾಗ್ತಿದೆ ಅಂತ ನೋಡೋಣ. ನಿಮ್ಮ ಸಿಂಥು, ಡ್ರಮ್ಸು ಮಿಡಿ. ಮಿಡಿ ಅಂದ್ರೆ ಬರೀ ಸೂಚನೆ, ಯಾವ ಸ್ವರ ಯಾವ ಬೀಟ್‌ನಲ್ಲಿ ಅಂತ, ಅದನ್ನ ಎಷ್ಟು ಬೇಗ ಓದಿಸಿದ್ರೂ ಸದ್ದು ಹೊಸದಾಗೇ ಹುಟ್ಟತ್ತೆ, ಕೆಡೋಕೆ ಏನೂ ಇಲ್ಲ. ಧ್ವನಿ ಹಾಗಲ್ಲ, ಅದು ಆಗ್ಲೇ ಆಗಿಹೋದ ಸದ್ದು. 4 ನಿಮಿಷದ್ದನ್ನ 3 ನಿಮಿಷ 38 ಸೆಕೆಂಡ್‌ಗೆ ತುಂಬಿಸ್ಬೇಕು ಅಂದ್ರೆ ಎಲ್ಲೋ ಏನೋ ಕಳೀಲೇಬೇಕು.

ಕಳೆಯೋಕೆ ಇರೋ ದಾರಿ ಎರಡು. ಒಂದು ಹಳೇ ಟೇಪ್ ದಾರಿ, ಜೋರಾಗಿ ಓಡಿಸೋದು. ಹಾಗೆ ಮಾಡಿದ್ರೆ ಸದ್ದು ಕೆಡಲ್ಲ ಆದ್ರೆ ಶ್ರುತಿ ಏರತ್ತೆ. 100ರಿಂದ 110ಕ್ಕೆ ಹೋದ್ರೆ ಸುಮಾರು 1.65 ಸೆಮಿಟೋನ್ (ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರ) ಮೇಲೆ ಹೋಗತ್ತೆ, ಅಂದ್ರೆ ಯಾವ ಸ್ವರದಲ್ಲೂ ಸರಿಯಾಗಿ ಕೂರಲ್ಲ. ಎರಡನೇದು ಶ್ರುತಿ ಬಿಟ್ಕೊಡದೇ ಸಮಯ ಮಾತ್ರ ಕುಗ್ಗಿಸೋದು, ಟೈಮ್ ಸ್ಟ್ರೆಚ್. ಇದರ ಒಂದು ಮುಖ್ಯ ವಿಧಾನ ಫೇಸ್ ವೊಕೋಡರ್, ಬೆಲ್ ಲ್ಯಾಬ್ಸ್‌ನ ಫ್ಲ್ಯಾನಗನ್ ಮತ್ತು ಗೋಲ್ಡನ್ 1966ರಲ್ಲಿ ಇದನ್ನ ಪ್ರಕಟಿಸಿದ್ರು. ಸದ್ದನ್ನ ಒಂದರ ಮೇಲೊಂದು ಬರೋ ಹಾಗೆ ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಅಂತ ಬಿಡಿಸಿ, ಆಮೇಲೆ ಬೇರೆ ಅಂತರದಲ್ಲಿ ಮತ್ತೆ ಜೋಡಿಸೋದು. ಜೋಡಿಸುವಾಗ ಫ್ರೀಕ್ವೆನ್ಸಿಗಳ ಫೇಸ್ (ಸದ್ದಿನ ಅಲೆ ಏರಿಳಿಯೋ ಹೊತ್ತು) ಒಂದಕ್ಕೊಂದು ಹೊಂದದೇ ಹೋದ್ರೆ ನೀವು ಹೇಳಿದ ಆ ನೀರಿನೊಳಗಿನ ಸದ್ದು ಬರತ್ತೆ. ಕ, ಟ, ಪ ತರದ ವ್ಯಂಜನಗಳ ಮೊನೆ ಮಂಕಾಗೋದೂ ಇದ್ರಿಂದಾನೇ.

ಹಾಗಾಗಿ ಮೊದಲು ಯಾವ ಅಲ್ಗಾರಿದಮ್ ಸೆಲೆಕ್ಟ್ ಆಗಿದೆ ನೋಡಿ. ಲೈವ್‌ನಲ್ಲಿ ಬೀಟ್ಸ್ ಅಂತ ಇದ್ರೆ ಅದು ಡ್ರಮ್ಸ್‌ಗೆ ಮಾಡಿದ್ದು, ಧ್ವನಿಗೆ ಟೋನ್ಸ್ ಅಥವಾ ಕಾಂಪ್ಲೆಕ್ಸ್ ಪ್ರೊ ಹಾಕಿ. ಲಾಜಿಕ್‌ನ ಫ್ಲೆಕ್ಸ್‌ನಲ್ಲಿ, ಪ್ರೊ ಟೂಲ್ಸ್‌ನ ಇಲಾಸ್ಟಿಕ್ ಆಡಿಯೋದಲ್ಲಿ ಒಂಟಿ ಧ್ವನಿಗೆ ಮೊನೊಫೋನಿಕ್. ಎಫ್‌ಎಲ್ ಸ್ಟುಡಿಯೋದಲ್ಲಿ ಸ್ಟ್ರೆಚ್ ಮೋಡ್ ರೀಸ್ಯಾಂಪಲ್ ಅಂತ ಇದ್ರೆ ಶ್ರುತಿನೂ ಜೊತೆಗೇ ಹೋಗತ್ತೆ, ಅದನ್ನ ಬದಲಾಯಿಸ್ಬೇಕು. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗತ್ತೆ. ಇನ್ನೊಂದು, ರಿವರ್ಬ್ ಡಿಲೇ (ಗುಂಗು, ಪ್ರತಿಧ್ವನಿ) ಸೇರಿರೋ ಧ್ವನಿನ ಸ್ಟ್ರೆಚ್ ಮಾಡ್ಬೇಡಿ, ಒಣ ಧ್ವನಿ ಸ್ಟ್ರೆಚ್ ಮಾಡಿ ಎಫೆಕ್ಟ್ ಆಮೇಲೆ ಹಾಕಿ.

ನನ್ನ ಅನುಭವದಲ್ಲಿ ಧ್ವನಿ ಶೇಕಡ 3, 4ರವರೆಗೆ ಸುಮ್ನೆ ತಡ್ಕೊಳ್ಳತ್ತೆ, ಶೇಕಡ 10 ಅಂದ್ರೆ ಅಲ್ಗಾರಿದಮ್ ಎಷ್ಟೇ ಚೆನ್ನಾಗಿದ್ರೂ ಗಮನ ಇಟ್ಟು ಕೇಳೋರಿಗೆ ಗೊತ್ತಾಗತ್ತೆ. ಅದೂ ಅಲ್ದೆ ವೈಬ್ರಾಟೋ, ಗಮಕ, ಉಸಿರು ಎಲ್ಲಾ ಶೇಕಡ 10 ಬೇಗ ಆಗತ್ತೆ, ಯಾರೂ ಹಾಗೆ ಹಾಡಲ್ಲ. ಹಾಡಿದವರು ಸಿಗ್ತಾರೆ ಅಂದ್ರೆ 110ರ ಟ್ರ್ಯಾಕ್ ಹಾಕಿ ಇನ್ನೊಂದ್ಸಲ ಹಾಡಿಸಿ, ಅದಕ್ಕಿಂತ ಒಳ್ಳೇ ಟೈಮ್ ಸ್ಟ್ರೆಚ್ ಇಲ್ಲ. ಸಿಗಲ್ಲ ಅಂದ್ರೆ 104, 105ಕ್ಕೆ ನಿಲ್ಲಿಸಿ, ಹಾಡು ಚುರುಕಾಗಿ ಕೇಳೋಕೆ ಬೇಕಾದ್ರೆ ಹೈಹ್ಯಾಟ್‌ನ ಪ್ಯಾಟರ್ನ್ ಬದಲಾಯಿಸಿ ನೋಡಿ. ಬಿಪಿಎಂ ಏರಿಸದೇನೂ ಹಾಡು ಓಡೋ ಹಾಗೆ ಮಾಡ್ಬಹುದು.

ಪ್ರಶ್ನೆ: ಫ್ರೆಂಡ್ ಕಳಿಸಿದ ಟ್ರ್ಯಾಕ್ 120 ಬಿಪಿಎಂ ಅಂತ ಹೇಳ್ದ. ನನ್ನ ಸಿಸ್ಟಮ್‌ನಲ್ಲಿ ಹಾಕಿದ್ರೆ 130ರ ಮೇಲೆ ತೋರಿಸ್ತಿದೆ, ಶ್ರುತಿನೂ ಏರಿದೆ. ಟೆಂಪೋ ಇಳಿಸಿ ಸರಿ ಮಾಡ್ಲಾ?

ಉತ್ತರ: ಬೇಡ ಬೇಡ, ಇದು ಟೆಂಪೋ ತೊಂದ್ರೆನೇ ಅಲ್ಲ, ಸ್ಯಾಂಪಲ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆದು ಬರ್ಕೊಂಡಿದೆ ಅನ್ನೋದು. ಅವರ ಫೈಲ್ 44,100 ಹರ್ಟ್ಸ್‌ನದ್ದು, ನಿಮ್ಮ ಕಡೆ ಅದನ್ನ 48,000 ಅಂತ ತಿಳ್ಕೊಂಡು ಓಡಿಸ್ತಿದೆ. 48,000ನ್ನ 44,100ರಿಂದ ಭಾಗಿಸಿದ್ರೆ 1.088, 120ನ್ನ ಅದ್ರಿಂದ ಗುಣಿಸಿ ನೋಡಿ, ಸರಿಯಾಗಿ 130.6 ಬರತ್ತೆ. ಶ್ರುತಿ ಹತ್ರ ಹತ್ರ ಒಂದೂವರೆ ಸೆಮಿಟೋನ್ ಏರಿರತ್ತೆ. ಪ್ರಾಜೆಕ್ಟ್‌ನ ಸ್ಯಾಂಪಲ್ ರೇಟ್ ಮತ್ತೆ ಆಡಿಯೋ ಇಂಟರ್‌ಫೇಸ್‌ನ ಸ್ಯಾಂಪಲ್ ರೇಟ್ ಎರಡೂ ಒಂದೇ ಇದ್ಯಾ ನೋಡಿ, ಇಂಪೋರ್ಟ್ ಮಾಡುವಾಗ ಕನ್ವರ್ಟ್ ಮಾಡ್ಲಾ ಅಂತ ಕೇಳಿದ್ರೆ ಹೂಂ ಅನ್ನಿ. ವೇಗ ಮತ್ತೆ ಶ್ರುತಿ ಎರಡೂ ಒಟ್ಟಿಗೆ ಬದಲಾಗಿದ್ರೆ ಮೊದಲ ಅನುಮಾನ ಯಾವಾಗ್ಲೂ ಇದರ ಮೇಲೇ ಇರ್ಲಿ.

ಪ್ರಶ್ನೆ: ಒಂದು ಹಾಡಿಗೆ ರೀಮಿಕ್ಸ್ ಮಾಡ್ತಿದೀನಿ, ಡಿಟೆಕ್ಟ್ ಮಾಡಿದ್ರೆ 119.97 ಬರತ್ತೆ. ಇದನ್ನ 120 ಅಂತ ಇಟ್ಕೊಳ್ಲಾ ಹಾಗೇ ಬಿಡ್ಲಾ? ಇಷ್ಟು ಚಿಕ್ಕ ವ್ಯತ್ಯಾಸಕ್ಕೆ ಏನಾಗತ್ತೆ?

ಉತ್ತರ: ಆಗತ್ತೆ ನೋಡಿ. 120ರಲ್ಲಿ 4 ನಿಮಿಷಕ್ಕೆ 480 ಬೀಟ್. ಗ್ರಿಡ್ 119.97 ಇದ್ರೆ ಅಷ್ಟೇ ಹೊತ್ತಿಗೆ 479.88 ಬೀಟ್. ಆ 0.12 ಬೀಟ್ ಅಂದ್ರೆ 60 ಮಿಲಿಸೆಕೆಂಡ್. ಶುರುವಲ್ಲಿ ಸರಿಯಾಗಿದ್ದ ಕಿಕ್ಕು (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಕೊನೇಲಿ ಡಬಲ್ ಡಬಲ್ ಆಗಿ ಕೇಳ್ಸತ್ತೆ.

ಕಂಪ್ಯೂಟರ್‌ನಲ್ಲೇ ಮಾಡಿದ ಹಾಡಾದ್ರೆ ಅದು 120 ಆಗಿರೋ ಸಾಧ್ಯತೆನೇ ಜಾಸ್ತಿ, ಮಾಡಿದವರು 119.97 ಅಂತ ಟೈಪ್ ಮಾಡಿರಲ್ಲ. 120 ಇಟ್ಟು, ಮೊದಲನೇ ಕಿಕ್ಕನ್ನ ಬಾರ್‌ಲೈನ್ ಮೇಲೆ ಸರಿಯಾಗಿ ಕೂರಿಸಿ, ನೇರ ಹಾಡಿನ ಕೊನೇ ಕಿಕ್‌ಗೆ ಹೋಗಿ ಜೂಮ್ ಮಾಡಿ. ಅಲ್ಲೂ ಗೆರೆ ಮೇಲಿದ್ರೆ ಮುಗೀತು. ಮೊದಲನೇ ಕಿಕ್ ಸರಿಯಾಗಿ ಕೂರಿಸೋದು ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಎಂಪಿ3 ಮಾಡುವಾಗ ಶುರುವಿನಲ್ಲಿ ಕೆಲವು ಮಿಲಿಸೆಕೆಂಡ್ ಖಾಲಿ ಜಾಗ ಸೇರ್ಕೊಳ್ಳತ್ತೆ, ಫೈಲ್ ಶುರುವನ್ನೇ ಒಂದನೇ ಬೀಟ್ ಅಂದ್ಕೊಂಡ್ರೆ ಎಲ್ಲಾ ಅಷ್ಟು ಪಕ್ಕಕ್ಕೆ ಹೋಗತ್ತೆ. ಆದ್ರೆ ಮನುಷ್ಯರು ಡ್ರಮ್ಸ್ ನುಡಿಸಿರೋ ಹಳೇ ಹಾಡಾದ್ರೆ 119.97 ಅನ್ನೋದು ಬರೀ ಸರಾಸರಿ, ಅದಕ್ಕೆ ಒಂದೇ ನಂಬರ್ ಇಲ್ಲ, ಮೊದಲನೇ ಉತ್ತರದಲ್ಲಿ ಹೇಳಿದ ಹಾಗೆ ಮ್ಯಾಪೇ ಮಾಡ್ಬೇಕು.

ಪ್ರಶ್ನೆ: ಹಾಡಿನ ಕೊನೇಲಿ ನಿಧಾನ ಆಗ್ತಾ ಹೋಗಿ ನಿಲ್ಲೋ ಹಾಗೆ ಮಾಡ್ಬೇಕು. ಟೆಂಪೋ ಆಟೋಮೇಷನ್ ಹಾಕಿದೀನಿ, ಆದ್ರೆ ಬ್ಯಾಟರಿ ಮುಗಿದ ಆಟಿಕೆ ತರ ಕೇಳತ್ತೆ. ಡಿಲೇನೂ ವಿಚಿತ್ರವಾಗಿ ಊಳಿಡತ್ತೆ.

ಉತ್ತರ: ನಿಮ್ಮದು ನೇರ ಗೆರೆ ಇರ್ಬೇಕು ಅನ್ಸತ್ತೆ, ಅಲ್ವಾ? ಒಂದೇ ಸಮನೆ ಇಳಿಯೋ ಟೆಂಪೋನ ಕಿವಿ ಯಂತ್ರ ಅಂತಾನೇ ಗುರುತಿಸತ್ತೆ. ನುಡಿಸೋರು ನಿಧಾನ ಮಾಡೋದು ಹಾಗಲ್ಲ, ಶುರುವಲ್ಲಿ ಸ್ವಲ್ಪಾನೇ ಹಿಡೀತಾರೆ, ಕೊನೇ ಎರಡು ಮೂರು ಬೀಟ್‌ನಲ್ಲಿ ಜಾಸ್ತಿ ಎಳೀತಾರೆ, ಕೊನೇ ಸ್ವರಕ್ಕೆ ಮುಂಚೆ ಒಂದು ಚೂರು ನಿಂತು ಬಿಡ್ತಾರೆ. ಅಂದ್ರೆ ಗೆರೆ ಹೊರಗೆ ಉಬ್ಬಿರ್ಬೇಕು, ಮೊದಲು ಹೆಚ್ಚು ಕಮ್ಮಿ ಸಮವಾಗಿದ್ದು ಆಮೇಲೆ ಕೆಳಗೆ ಬೀಳ್ಬೇಕು. ಕರ್ವ್ ಹಾಕೋ ಸೌಲಭ್ಯ ಇಲ್ಲದಿದ್ರೆ ಒಂದೊಂದು ಬೀಟ್‌ಗೂ ಒಂದು ಪಾಯಿಂಟ್ ಇಡಿ, 100, 98, 94, 87, 76 ಹೀಗೆ. ನಾನು ಮಾಡೋದು ಇನ್ನೂ ಸರಳ, ಸ್ಪೀಕರ್ ಆಫ್ ಮಾಡಿ ಆ ಕೊನೇ ಎರಡು ಬಾರ್‌ನ ಬಾಯಲ್ಲಿ ಹಾಡ್ತಾ ಮೇಜಿನ ಮೇಲೆ ತಟ್ಟಿ ರೆಕಾರ್ಡ್ ಮಾಡ್ಕೋತೀನಿ, ಆ ತಟ್ಟಿದ ಏಟುಗಳಿಗೆ ಟೆಂಪೋ ಮ್ಯಾಪ್ ಮಾಡ್ತೀನಿ. ಕೈ ಯಾವತ್ತೂ ನೇರ ಗೆರೆಲಿ ನಿಧಾನ ಮಾಡಲ್ಲ.

ಕ್ಯೂಬೇಸ್‌ನ ಟೆಂಪೋ ಟ್ರ್ಯಾಕ್‌ನಲ್ಲಿ ಪ್ರತಿ ಪಾಯಿಂಟ್‌ಗೂ ಜಂಪ್ ಅಥವಾ ರ‍್ಯಾಂಪ್ ಅಂತ ಇರತ್ತೆ, ರೀಪರ್‌ನಲ್ಲಿ ಮಾರ್ಕರ್‌ನಲ್ಲೇ ಕ್ರಮೇಣ ಬದಲಾಯಿಸು ಅನ್ನೋ ಟಿಕ್ ಇದೆ, ಅದನ್ನ ಹಾಕ್ದೇ ಇದ್ರೆ ಮೆಟ್ಟಿಲು ಇಳಿದ ಹಾಗೆ ಆಗತ್ತೆ. ಎಫ್‌ಎಲ್ ಸ್ಟುಡಿಯೋದವರಿಗೆ ಒಂದು ಮಾತು, ಟೆಂಪೋ ಮೇಲೆ ರೈಟ್ ಕ್ಲಿಕ್ ಮಾಡಿ ಆಟೋಮೇಷನ್ ಕ್ಲಿಪ್ ಮಾಡಿದಾಗ ಅದು ಅತಿ ಕಮ್ಮಿಯಿಂದ ಅತಿ ಜಾಸ್ತಿವರೆಗಿನ ಇಡೀ ವ್ಯಾಪ್ತಿನ ತಗೊಳ್ಳತ್ತೆ, ಪಾಯಿಂಟ್ ಒಂಚೂರು ಅಲ್ಲಾಡಿದ್ರೂ ಟೆಂಪೋ ಹತ್ತು ಹದಿನೈದು ಹಾರತ್ತೆ. ಕ್ಲಿಪ್‌ನ ಮಿನ್ ಮ್ಯಾಕ್ಸ್‌ನ ನಿಮಗೆ ಬೇಕಾದಷ್ಟಕ್ಕೇ ಇಳಿಸ್ಕೊಳ್ಳಿ.

ಡಿಲೇ ಊಳಿಡೋದು ಯಾಕೆ ಅಂದ್ರೆ ಅದು ಟೆಂಪೋಗೆ ಸಿಂಕ್ ಆಗಿದೆ, ಟೆಂಪೋ ಇಳಿದಂಗೆಲ್ಲ ಡಿಲೇ ಟೈಮ್ ಉದ್ದ ಆಗತ್ತೆ, ಟೇಪ್ ತರದ ಡಿಲೇ ಆದ್ರೆ ಆಗ ಶ್ರುತಿ ಜಾರತ್ತೆ. ಕೊನೇ ಭಾಗಕ್ಕೆ ಸಿಂಕ್ ಆಫ್ ಮಾಡಿ ಮಿಲಿಸೆಕೆಂಡ್‌ನಲ್ಲಿ ಟೈಮ್ ಕೊಡಿ. ಲೆಕ್ಕ ಗೊತ್ತಿಲ್ಲದಿದ್ರೆ ಇಲ್ಲಿದೆ: 60,000ನ್ನ ಬಿಪಿಎಂನಿಂದ ಭಾಗಿಸಿದ್ರೆ ಒಂದು ಕ್ವಾರ್ಟರ್ ನೋಟ್ (4/4ರಲ್ಲಿ ಒಂದು ಬೀಟ್) ಎಷ್ಟು ಮಿಲಿಸೆಕೆಂಡ್ ಅಂತ ಬರತ್ತೆ. 96 ಬಿಪಿಎಂಗೆ 625. ಅದರ ಮುಕ್ಕಾಲು ಭಾಗ ಡಾಟೆಡ್ ಎಯ್ತ್, 468.75.

ಪ್ರಶ್ನೆ: ಹಾಗೆ ಮಾಡಿದ ಟೆಂಪೋ ಬದಲಾವಣೆ ಇರೋ ಪ್ರಾಜೆಕ್ಟನ್ನ ಬೇರೆ ಸಾಫ್ಟ್‌ವೇರ್ ಬಳಸೋರಿಗೆ ಕಳಿಸೋದು ಹೇಗೆ? ಸ್ಟೆಮ್ಸ್ (ಒಂದೊಂದು ವಾದ್ಯದ್ದೂ ಬೇರೆ ಬೇರೆ ಆಡಿಯೋ ಫೈಲ್) ಕಳಿಸಿದ್ರೆ ಅವರ ಗ್ರಿಡ್ ಕೂರ್ತಿಲ್ಲ.

ಉತ್ತರ: ಸ್ಟೆಮ್ಸ್ ಜೊತೆ ಒಂದು ಮಿಡಿ ಫೈಲನ್ನೂ ಎಕ್ಸ್‌ಪೋರ್ಟ್ ಮಾಡಿ ಕಳಿಸಿ, ಅದ್ರಲ್ಲಿ ಒಂದು ಸ್ವರಾನೂ ಇಲ್ಲದಿದ್ರೂ ಪರ್ವಾಗಿಲ್ಲ. ಸ್ಟ್ಯಾಂಡರ್ಡ್ ಮಿಡಿ ಫೈಲ್‌ನೊಳಗೆ ಟೆಂಪೋ ಮ್ಯಾಪು, ಟೈಮ್ ಸಿಗ್ನೇಚರು ಎರಡೂ ಹೋಗತ್ತೆ. ಅದ್ರಲ್ಲಿ ಟೆಂಪೋನ ಬಿಪಿಎಂ ಅಂತ ಬರೆಯಲ್ಲ, ಒಂದು ಕ್ವಾರ್ಟರ್ ನೋಟ್‌ಗೆ ಎಷ್ಟು ಮೈಕ್ರೋಸೆಕೆಂಡ್ ಅಂತ ಬರೆಯತ್ತೆ, 5,00,000 ಅಂದ್ರೆ 120 ಬಿಪಿಎಂ. ಫೈಲ್‌ನಲ್ಲಿ ಟೆಂಪೋನೇ ಇಲ್ಲ ಅಂದ್ರೂ 120 ಅಂತಾನೇ ತಿಳ್ಕೋಬೇಕು ಅನ್ನೋದು ನಿಯಮ, ಏನೇ ಓಪನ್ ಮಾಡಿದ್ರೂ 120 ಬರ್ತಿದೆ ಅಂತ ಕೇಳೋರಿಗೆ ಉತ್ತರ ಇದು.

ಆದ್ರೆ ಒಂದು ಜಾಗ್ರತೆ. ಮಿಡಿ ಫೈಲ್‌ಗೆ ಇಳಿಜಾರು ಗೊತ್ತಿಲ್ಲ, ಮೆಟ್ಟಿಲು ಮಾತ್ರ ಗೊತ್ತು. ನಿಮ್ಮ ರ‍್ಯಾಂಪು ಚಿಕ್ಕ ಚಿಕ್ಕ ಮೆಟ್ಟಿಲಾಗಿ ಹೋಗತ್ತೆ. ಅದನ್ನ ಬಿಟ್ಟು ಅವರಿಗೆ ಬಾಯಲ್ಲಿ "120ರಿಂದ 60ಕ್ಕೆ ನಾಲ್ಕು ಬೀಟ್‌ನಲ್ಲಿ ಇಳಿಸಿ" ಅಂತ ಹೇಳಿದ್ರೆ ಸರಿ ಬರಲ್ಲ, ಯಾಕಂದ್ರೆ ಸೆಕೆಂಡ್ ಲೆಕ್ಕದಲ್ಲಿ ಸಮವಾಗಿ ಇಳಿಸಿದ್ರೆ ಆ ನಾಲ್ಕು ಬೀಟ್ 2.67 ಸೆಕೆಂಡ್ ಹಿಡಿಯತ್ತೆ, ಬೀಟ್ ಲೆಕ್ಕದಲ್ಲಿ ಸಮವಾಗಿ ಇಳಿಸಿದ್ರೆ 2.77. ಎರಡೂ ನೇರ ಗೆರೆನೇ, ಆದ್ರೂ ಹತ್ರ ಹತ್ರ 100 ಮಿಲಿಸೆಕೆಂಡ್ ವ್ಯತ್ಯಾಸ. ಸ್ಟೆಮ್ಸ್ ಎಲ್ಲಾನೂ ಪ್ರಾಜೆಕ್ಟ್‌ನ ಸೊನ್ನೆಯಿಂದಾನೇ ಎಕ್ಸ್‌ಪೋರ್ಟ್ ಮಾಡಿ, ಖಾಲಿ ಇದ್ರೂ ಸರಿ. ಅವರು ಮೊದಲು ಮಿಡಿ ಫೈಲ್‌ನ ಟೆಂಪೋ ಸಮೇತ ಇಂಪೋರ್ಟ್ ಮಾಡ್ಲಿ, ಆಮೇಲೆ ಸ್ಟೆಮ್ಸ್ ಹಾಕ್ಲಿ, ಸ್ಟ್ರೆಚ್ ಆಫ್ ಇರ್ಲಿ.

ಪ್ರಶ್ನೆ: ಸ್ವಿಂಗ್ ಶೇಕಡ 66 ಇಟ್ರೆ ಟೆಂಪೋ ಬದಲಾಗತ್ತಾ?

ಉತ್ತರ: ಇಲ್ಲ. ಬೀಟ್ ಎಲ್ಲಿತ್ತೋ ಅಲ್ಲೇ ಇರತ್ತೆ, ಜೋಡಿ ನೋಟ್‌ನಲ್ಲಿ ಎರಡನೇದು ಮಾತ್ರ ತಡವಾಗತ್ತೆ. 120 ಬಿಪಿಎಂನಲ್ಲಿ ಎರಡು ಸಿಕ್ಸ್ಟೀನ್ತ್ (ಬೀಟಿನ ಕಾಲು ಭಾಗ) ಸೇರಿ 250 ಮಿಲಿಸೆಕೆಂಡ್. ಶೇಕಡ 50 ಅಂದ್ರೆ 125, 125. ಶೇಕಡ 66 ಅಂದ್ರೆ 165, 85, ಹತ್ರ ಹತ್ರ ಟ್ರಿಪ್ಲೆಟ್ (ಮೂರು ಪಾಲು ಮಾಡಿ ಮೊದಲನೇದಕ್ಕೆ ಎರಡು, ಎರಡನೇದಕ್ಕೆ ಒಂದು). ಶೇಕಡ 54ರಿಂದ 58ರೊಳಗೆ ಒಂದ್ಸಲ ಕೇಳಿ ನೋಡಿ, ಅಲ್ಲಿ ತುಂಬಾ ಚೆಂದದ ಜಾಗ ಇದೆ.

ಪ್ರಶ್ನೆ: 6/8 ಹಾಡಿಗೆ ಫೋನಿನ ಮೆಟ್ರೋನೋಮ್‌ನಲ್ಲಿ ತಟ್ಟಿ ನೋಡಿದ್ರೆ 60 ಬಂತು. ಸಾಫ್ಟ್‌ವೇರ್‌ನಲ್ಲಿ 60 ಹಾಕಿದ್ರೆ ಹಾಡು ತೆವಳತ್ತೆ. ಯಾಕೆ?

ಉತ್ತರ: ನೀವು ತಟ್ಟಿದ್ದು ಬಾರ್‌ಗೆ ಎರಡು ಏಟು, ಅಂದ್ರೆ ಒಂದೊಂದು ಏಟಲ್ಲೂ ಮೂರು ಎಯ್ತ್ ನೋಟ್. ಹೆಚ್ಚಿನ ಸಾಫ್ಟ್‌ವೇರ್‌ಗಳು ಬಿಪಿಎಂ ಎಣಿಸೋದು ಕ್ವಾರ್ಟರ್ ನೋಟ್‌ನಲ್ಲಿ, ಅದ್ರಲ್ಲಿ ಎರಡೇ ಎಯ್ತ್ ನೋಟ್. ಒಂದೂವರೆಯಿಂದ ಗುಣಿಸಿ, 90 ಹಾಕಿ, ಸರಿಹೋಗತ್ತೆ. 4/4ರಿಂದ 6/8ಕ್ಕೆ ಹಾಡಿನ ಮಧ್ಯೆ ಹೋಗೋರಿಗೂ ಇದೇ ಮಾತು, ಸಿಗ್ನೇಚರ್ ಬದಲಾಯಿಸಿದ್ರೆ ಏಟು ತಾನಾಗೇ ಹೊಂದ್ಕೊಳ್ಳಲ್ಲ, ಅದೇ ಜಾಗದಲ್ಲಿ ಟೆಂಪೋನೂ ನೀವೇ ಬದಲಾಯಿಸ್ಬೇಕು.

ಪ್ರಶ್ನೆ: ಎಂಟು ಮೈಕ್ ಹಾಕಿ ಡ್ರಮ್ಸ್ ರೆಕಾರ್ಡ್ ಮಾಡಿದ್ವಿ. ಡ್ರಮ್ಮರ್ ಅಲ್ಲಲ್ಲಿ ಓಡಿದಾರೆ. ಸ್ನೇರ್ ಮತ್ತೆ ಕಿಕ್ ಟ್ರ್ಯಾಕ್ ಮಾತ್ರ ಕ್ವಾಂಟೈಸ್ ಮಾಡಿದ್ರೆ ಸಾಕಾ?

ಉತ್ತರ: ದಯವಿಟ್ಟು ಹಾಗೆ ಮಾಡ್ಬೇಡಿ. ಇದನ್ನ ನಾನು ಮಾಡಿ ನೋಡಿದೀನಿ. ಮೊದಮೊದಲು ಕೆಲಸ ಕಲೀತಿದ್ದಾಗ ಒಂದು ಬ್ಯಾಂಡಿನ ಡ್ರಮ್ಸ್‌ನಲ್ಲಿ ಸ್ನೇರ್ ಟ್ರ್ಯಾಕ್ ಒಂದನ್ನೇ ಗ್ರಿಡ್‌ಗೆ ಎಳ್ದೆ, ಸೋಲೋ ಮಾಡಿ ಕೇಳಿದ್ರೆ ಕರಾರುವಾಕ್ಕು. ಎಲ್ಲಾ ಮೈಕ್ ಆನ್ ಮಾಡಿದ್ರೆ ಸ್ನೇರ್ ತೆಳ್ಳಗಾಗಿ ಕಾಗದದ ಡಬ್ಬ ಬಡಿದ ಹಾಗೆ ಕೇಳ್ತು. ಒಂದಿಡೀ ದಿನ ಈಕ್ಯೂ ತಿರುಗಿಸ್ದೆ, ಆಮೇಲೆ ಗೊತ್ತಾಯ್ತು, ಸ್ನೇರ್‌ನ ಸದ್ದು ಓವರ್‌ಹೆಡ್‌ನಲ್ಲಿ (ಡ್ರಮ್ಸ್ ಮೇಲ್ಗಡೆ ಇಡೋ ಮೈಕ್), ರೂಮ್ ಮೈಕ್‌ನಲ್ಲಿ, ಟಾಮ್ ಮೈಕ್‌ನಲ್ಲಿ ಎಲ್ಲಾ ಕಡೆ ಹಳೇ ಜಾಗದಲ್ಲೇ ಕೂತಿದೆ, ನಾನು ಸರಿಸಿದ್ದು ಒಂದನ್ನ ಮಾತ್ರ. ಕೆಲವು ಮಿಲಿಸೆಕೆಂಡ್ ಹಿಂದೆ ಮುಂದೆ ಆದ್ರೆ ಸಾಕು, ಫೇಸ್ ಕೆಟ್ಟು ಒಂದರ ಸದ್ದನ್ನ ಇನ್ನೊಂದು ತಿಂದು ಹಾಕತ್ತೆ. ಅಷ್ಟೂ ಎಡಿಟ್ ತೆಗೆದು ಮತ್ತೆ ಮೊದಲಿಂದ ಮಾಡಿದೆ.

ಎಂಟೂ ಟ್ರ್ಯಾಕ್‌ನ ಒಂದು ಗ್ರೂಪ್ ಮಾಡಿ, ಎಡಿಟ್ ಗ್ರೂಪ್ ಆನ್ ಇದೆ ಅಂತ ಖಚಿತ ಮಾಡ್ಕೊಳ್ಳಿ, ಆಮೇಲೆ ಕತ್ತರಿಸಿದ್ರೆ ಎಲ್ಲಾನೂ ಒಂದೇ ಜಾಗದಲ್ಲಿ ಕತ್ತರಿಸ್ಬೇಕು, ಸರಿಸಿದ್ರೆ ಎಲ್ಲಾನೂ ಒಂದೇ ಅಳತೆಗೆ ಸರೀಬೇಕು. ಏಟುಗಳನ್ನ ಗುರುತಿಸೋಕೆ ಮಾತ್ರ ಕಿಕ್ಕು ಸ್ನೇರು ಸಾಕು. ಇನ್ನೊಂದು ಆಯ್ಕೆ ನಿಮ್ಮ ಮುಂದಿರತ್ತೆ, ಸ್ಟ್ರೆಚ್ ಮಾಡೋದಾ ಕತ್ತರಿಸಿ ಸರಿಸೋದಾ ಅಂತ. ಡ್ರಮ್ಸ್‌ಗೆ ನಾನು ಕತ್ತರಿಸೋದನ್ನೇ ಹೇಳ್ತೀನಿ, ಪ್ರೊ ಟೂಲ್ಸ್‌ನ ಬೀಟ್ ಡಿಟೆಕ್ಟಿವ್ ಮಾಡೋದು ಅದನ್ನೇ, ಲಾಜಿಕ್‌ನ ಫ್ಲೆಕ್ಸ್‌ನಲ್ಲಿ ಸ್ಲೈಸಿಂಗ್ ಅಂತ ಇರತ್ತೆ. ಏಟಿನ ಮೊನೆ ಹಾಗೇ ಉಳಿಯತ್ತೆ, ಮಧ್ಯದಲ್ಲಿ ಬಿಟ್ಟ ಖಾಲಿ ಜಾಗನ ಹಿಂದಿನ ತುಂಡನ್ನ ಎಳೆದು ಕ್ರಾಸ್‌ಫೇಡ್ ಹಾಕಿ ಮುಚ್ಬೇಕು, ಇಲ್ಲಾಂದ್ರೆ ಸಿಂಬಲ್ ಬಾಲ ತುಂಡು ತುಂಡಾಗಿ ಕೇಳತ್ತೆ. ಸ್ಟ್ರೆಂಗ್ತ್ (ಏಟನ್ನ ಗ್ರಿಡ್ ಹತ್ರಕ್ಕೆ ಎಷ್ಟು ಎಳೀಬೇಕು ಅನ್ನೋದು) ಶೇಕಡ 100 ಬೇಡ, 60, 70 ಇಟ್ಟು ಕೇಳಿ.

ಅದಕ್ಕೂ ಮುಂಚೆ ಇನ್ನೊಂದು ಕೇಳ್ತೀನಿ, ಅವರು ನಿಜವಾಗ್ಲೂ ಓಡಿದಾರಾ? ಗ್ರಿಡ್ ನೋಡ್ಬೇಡಿ, ಕಣ್ಣು ಮುಚ್ಚಿ ಬೇಸ್ ಗಿಟಾರ್ ಜೊತೆ ಕೇಳಿ. ಇಬ್ರೂ ಒಟ್ಟಿಗೇ ಓಡಿದ್ರೆ, ಅದೂ ಪಲ್ಲವಿ ಶುರುವಾಗೋ ಜಾಗದಲ್ಲೇ ಓಡಿದ್ರೆ, ಅದನ್ನ ಮುಟ್ಬೇಡಿ, ಅಲ್ಲಿಗೆ ಒಂದು ಟೆಂಪೋ ಮಾರ್ಕರ್ ಹಾಕಿ ಗ್ರಿಡ್ಡನ್ನೇ ಅವರ ಜೊತೆ ಕಳಿಸಿ. ಒಬ್ರು ಓಡಿ ಇನ್ನೊಬ್ರು ಹಿಂದೆ ಉಳಿದ ಬಾರ್‌ಗಳನ್ನ ಮಾತ್ರ ಕತ್ತರಿಸಿ ಸರಿ ಮಾಡಿ. ಒಂದೊಂದು ಬಾರನ್ನೂ ಹೀಗೆ ಕೇಳ್ಕೊಂಡು ಹೋದ್ರೆ ನೀವು ಸರಿ ಮಾಡ್ಬೇಕು ಅಂದ್ಕೊಂಡಿದ್ದ ಎಷ್ಟೋ ಜಾಗ ಹಾಗೇ ಚೆನ್ನಾಗಿದೆ ಅಂತ ನಿಮಗೇ ಗೊತ್ತಾಗತ್ತೆ. ಆ ಲಿಸ್ಟ್ ಮಾಡಿ ಕಳಿಸಿ, ಯಾವ ಬಾರ್‌ನಲ್ಲಿ ಎಷ್ಟು ಮಿಲಿಸೆಕೆಂಡ್ ಅಂತ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಇಟ್ಕೊಂಡು ಮಾತಾಡೋಣ.